ಘಾರಾಪುರಿಯ ಇನ್ನೊಂದು ದಡ

ಹೋದ ಚಳಿಗಾಲದಲ್ಲಿ ನಾವು ಹನ್ನೊಂದು ಮಂದಿ ಗೆಳತಿಯರು ಪುಣೆಯಿಂದ ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದು ಮುಂಬೈಗೆ ಹೋಗಿ, ಗೇಟ್‌ವೇ ಆಫ್ ಇಂಡಿಯಾದ ಬಳಿ ಲಾಂಚ್ ಹತ್ತಿ ಘಾರಾಪುರಿಗೆ ಹೋಗಿದ್ದೆವು. ಎಲಿಫೆಂಟಾ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿನವರ ಬಾಯಲ್ಲಿ ಅದು ಘಾರಾಪುರಿ. ಲಾಂಚಿನ ಮೇಲಂತಸ್ತಿನಲ್ಲಿ ಕೋಡುಬಳೆ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿದ್ದಾಗಲೇ ಚರ್ಚೆ ಶುರುವಾಯಿತು. “ಈ ಗುಹೆ ನಮ್ಮ ರಾಷ್ಟ್ರಕೂಟರು ಕೊರೆಸಿದ್ದು ನೋಡ್ರಿ” ಎಂದರು ಧಾರವಾಡದ ಕಡೆಯವರೊಬ್ಬರು. “ಅಲ್ಲ ಕಣ್ರೀ, ಇಮ್ಮಡಿ ಪುಲಕೇಶಿ ಗೆದ್ದ ದ್ವೀಪ ಇದು, ಅವನೇ ಮಾಡಿಸಿರಬೇಕು” ಎಂದರು ಮೈಸೂರಿನವರು. ಎಂದೋ ಒಂದು ಕಾಲಕ್ಕೆ ಬಿ.ಎ.ಯಲ್ಲಿ ಇತಿಹಾಸ ಓದಿದವಳೆಂಬ ಕಾರಣಕ್ಕೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು “ಇಬ್ಬರದೂ ಸೇರಿದೆ” ಎಂದು ತೀರ್ಪು ಕೊಟ್ಟು ಪಾರಾದೆ. ಮನೆಗೆ ಬಂದು ಪುಸ್ತಕ ತೆರೆದಾಗ ನನ್ನ ತೀರ್ಪು ಪೂರ್ತಿ ತಪ್ಪೆಂದು ತಿಳಿಯಿತು. ಆ ತಪ್ಪಿಗೆ ಪ್ರಾಯಶ್ಚಿತ್ತವೆಂದು ಈ ಲೇಖನ.

ಗುಹೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮಾರು 120 ಮೆಟ್ಟಿಲು, ಇಕ್ಕೆಲದಲ್ಲಿ ಅಂಗಡಿ ಸಾಲು, ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುವ ಮಂಗಗಳು, ಆಮೇಲೆ ಆ ತಂಪು ಕತ್ತಲು, ಅದರೊಳಗೆ ಮೂರು ಮುಖದ ಮಹೇಶಮೂರ್ತಿ. ಅದನ್ನು ಕಣ್ಣಾರೆ ಕಂಡವರಿಗೆ ವರ್ಣನೆ ಬೇಕಿಲ್ಲ, ಕಾಣದವರಿಗೆ ವರ್ಣನೆ ಸಾಲದು. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಕೊರೆಸಿದವರು ಯಾರೆಂದು ಹೇಳುವ ಶಾಸನ ಈಗ ಅಲ್ಲಿಲ್ಲ. ಒಂದು ಶಾಸನದ ಕಲ್ಲು ಇತ್ತಂತೆ. ಪೋರ್ಚುಗೀಸರು ಅದನ್ನು ಕಿತ್ತು ತಮ್ಮ ದೊರೆಗೆ ಕಳಿಸಿದರು, ಅಲ್ಲಿ ಓದಬಲ್ಲವರು ಸಿಗಲಿಲ್ಲ, ಆಮೇಲೆ ಕಲ್ಲೇ ಕಾಣೆಯಾಯಿತು ಎಂದು ಅವರದೇ ಚರಿತ್ರೆಕಾರ ದಿಯೋಗೊ ದೊ ಕೌಟೊ ಬರೆದಿಟ್ಟಿದ್ದಾನೆ. ಆ ಒಂದು ಕಲ್ಲು ಉಳಿದಿದ್ದರೆ ನಮ್ಮ ಲಾಂಚಿನ ಜಗಳ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಕಲ್ಲು ಹೋದರೂ ನಾಣ್ಯ ಉಳಿದಿದೆ. ಈ ದ್ವೀಪದಲ್ಲಿ ಸಿಕ್ಕ ಸಣ್ಣ ಸಣ್ಣ ತಾಮ್ರದ ನಾಣ್ಯಗಳನ್ನು ಓದಿದವರಲ್ಲಿ ಮುಖ್ಯರು ನಮ್ಮ ಪುಣೆಯ ಡೆಕ್ಕನ್ ಕಾಲೇಜಿನ ಶೋಭನಾ ಗೋಖಲೆ. ಶಾಸನ ಮತ್ತು ನಾಣ್ಯಶಾಸ್ತ್ರದಲ್ಲಿ ಅವರದು ದೊಡ್ಡ ಹೆಸರು. ಕಾನ್ಹೇರಿ ಗುಹೆಗಳ ಶಾಸನಗಳ ಬಗ್ಗೆ ಅವರು ಬರೆದ ಪುಸ್ತಕವನ್ನು ಈಗಲೂ ವಿದ್ವಾಂಸರು ಎದುರಿಗಿಟ್ಟುಕೊಂಡೇ ಕೂರುತ್ತಾರೆ. ಯರವಡಾದ ಆ ಕಲ್ಲಿನ ಕಟ್ಟಡದ ಮುಂದೆ ನಾವು ದಿನವೂ ಹಾದುಹೋಗುತ್ತೇವೆ. ಇರಾವತಿ ಕರ್ವೆಯವರ ಹೆಸರನ್ನಾದರೂ ಕೇಳಿರುತ್ತೇವೆ, ಗೋಖಲೆಯವರದನ್ನು ಬಹಳ ಜನ ಕೇಳಿಲ್ಲ.

ಆ ನಾಣ್ಯಗಳು ಕಳಚುರಿ ಅರಸ ಕೃಷ್ಣರಾಜನವು. ಅವನ ಕಾಲ ಆರನೆಯ ಶತಮಾನದ ನಡುಭಾಗ. ಅಂಗೈಯಲ್ಲಿ ಹತ್ತಾರು ಹಿಡಿಯುವ ಇಂಥ ಚಿಲ್ಲರೆ ಕಾಸು ಒಂದು ಪುಟ್ಟ ದ್ವೀಪದಲ್ಲಿ ಇಷ್ಟು ಸಿಗುವುದೇಕೆ? ಗುಹೆ ಕೊರೆದ ಕೆಲಸಗಾರರಿಗೆ ಕೊಟ್ಟ ಕೂಲಿಯ ಹಣ ಇದಾಗಿರಬಹುದು ಎಂಬುದು ಅಜಂತಾ ಅಧ್ಯಯನಕ್ಕೆ ಹೆಸರಾದ ವಾಲ್ಟರ್ ಸ್ಪಿಂಕ್ ಮುಂತಾದವರ ವಾದ. ಶಿಲ್ಪಶೈಲಿಯೂ ಅದೇ ಕಾಲಕ್ಕೆ ಹೊಂದುತ್ತದೆ. ಇವತ್ತು ಹೆಚ್ಚಿನ ವಿದ್ವಾಂಸರು ಒಪ್ಪುವುದು ಇದನ್ನೇ. ಅಂದರೆ ಬಾದಾಮಿಯ ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬರುವ ಹೊತ್ತಿಗೆ ಗುಹೆ ತಯಾರಾಗಿ ಎರಡು ತಲೆಮಾರು ಕಳೆದಿತ್ತು. ರಾಷ್ಟ್ರಕೂಟರಂತೂ ಬಂದದ್ದು ಇನ್ನೂ ನೂರು ವರ್ಷದ ಮೇಲೆ. ನಾವು ಶಾಲೆಯಲ್ಲಿ ರಾಷ್ಟ್ರಕೂಟರ ಕೊಡುಗೆ ಎಂದು ಎಲ್ಲೋರದ ಕೈಲಾಸದ ಜತೆಗೆ ಎಲಿಫೆಂಟಾವನ್ನೂ ಒಂದೇ ಉಸಿರಿಗೆ ಬಾಯಿಪಾಠ ಮಾಡಿದ್ದೆವು. ಆ ಅರ್ಧ ಸಾಲನ್ನು ಈಗ ಬಿಟ್ಟುಕೊಡಬೇಕು. ಸ್ವಲ್ಪ ಬೇಜಾರಾಯಿತು, ಸುಳ್ಳೇಕೆ ಹೇಳಲಿ!

ಆದರೆ ಪುಲಕೇಶಿಯ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಮೇಗುಟಿ ಬಸದಿಯ ಗೋಡೆಯ ಮೇಲೆ, ಕ್ರಿ.ಶ. 634ರ ಶಾಸನವಿದೆ. ಬರೆದವನು ರವಿಕೀರ್ತಿ. ತನ್ನನ್ನು ಕಾಳಿದಾಸ, ಭಾರವಿಗಳ ಸಾಲಿಗೆ ಸೇರಿಸಿಕೊಂಡ ಧೈರ್ಯವಂತ. ಕೊಂಕಣದ ಮೌರ್ಯರನ್ನು ಪುಲಕೇಶಿಯ ಸೇನೆ ನೀರಿನ ಪ್ರವಾಹದಂತೆ ಕೊಚ್ಚಿಹಾಕಿತು ಎನ್ನುತ್ತಾನೆ. ಆಮೇಲೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ‘ಪುರಿ’ ಎಂಬ ಊರಿಗೆ ಅರಸ ನೂರಾರು ಹಡಗುಗಳಿಂದ ಮುತ್ತಿಗೆ ಹಾಕಿದ್ದನ್ನೂ, ಆಗ ಆಕಾಶ ಕಡಲಿನಂತೆ, ಕಡಲು ಆಕಾಶದಂತೆ ಕಂಡದ್ದನ್ನೂ ವರ್ಣಿಸುತ್ತಾನೆ. ಈ ಮೌರ್ಯರು ಅಶೋಕನ ಮನೆತನದ ಹೆಸರು ಹೊತ್ತ ಸಣ್ಣ ಅರಸರು.

ಆ ಪುರಿ ಯಾವುದು? ಘಾರಾಪುರಿಯೇ ಎಂದು ಹಲವರು, ಜಂಜೀರಾ ಬಳಿಯ ರಾಜಪುರಿ ಎಂದು ಕೆಲವರು. ‘ಘಾರಾಪುರಿಯಲ್ಲ’ ಎನ್ನುವವರ ಮುಖ್ಯ ಆಕ್ಷೇಪ ಒಂದೇ: ಇಷ್ಟು ಚಿಕ್ಕ ದ್ವೀಪದಲ್ಲಿ ರಾಜಧಾನಿ ಹೇಗಿದ್ದೀತು? ಅರಮನೆಯೆಲ್ಲಿ, ಪೇಟೆಯೆಲ್ಲಿ, ಕೋಟೆಯೆಲ್ಲಿ? ಗುಹೆ ನೋಡಿ, ಪುಟ್ಟ ರೈಲು ಹತ್ತಿ ಇಳಿದುಬರುವವರಿಗೆ ಈ ಆಕ್ಷೇಪ ಸರಿಯೆನ್ನಿಸುತ್ತದೆ. ಉತ್ತರದ ಒಂದು ತುಂಡು ಗುಹೆಯ ಹತ್ತಿರ ಇಲ್ಲ, ದ್ವೀಪದ ಇನ್ನೊಂದು ದಡದಲ್ಲಿದೆ.

ಘಾರಾಪುರಿಯಲ್ಲಿ ಮೂರು ಪುಟ್ಟ ಹಳ್ಳಿಗಳಿವೆ: ಶೇತ್‌ಬಂದರ್, ಮೊರಾಬಂದರ್, ರಾಜಬಂದರ್. ಮೂರರ ಹೆಸರಿನಲ್ಲೂ ‘ಬಂದರ್’ ಇರುವುದನ್ನು ಗಮನಿಸಿ. ನಮ್ಮ ಲಾಂಚುಗಳು ನಿಲ್ಲುವುದು ವಾಯವ್ಯದ ಶೇತ್‌ಬಂದರಿನಲ್ಲಿ. ನಮ್ಮಲ್ಲಿ ಎಂಟು ಮಂದಿ ಅಂಗಡಿಗಳ ಕಡೆ ಹೊರಟರು, ಮೂವರು ಈಶಾನ್ಯದ ಮೊರಾಬಂದರಿನ ದಾರಿ ಹಿಡಿದೆವು. ಅಲ್ಲಿ ಪ್ರವಾಸಿಗರಿಲ್ಲ. ಕಾಂಡ್ಲಾ ಗಿಡ, ಮೊಣಕಾಲವರೆಗೆ ಹೂಳುವ ಕೆಸರು, ದಡಕ್ಕೆ ಬಂದು ಬಿದ್ದ ಪ್ಲಾಸ್ಟಿಕ್ ರಾಶಿ. ಮನೆಯ ಮುಂದೆ ಮೀನು ಒಣಹಾಕುತ್ತಿದ್ದ ಅಜ್ಜಿಯೊಬ್ಬರು ಮರಾಠಿಯಲ್ಲಿ, “ಇಲ್ಲೇನು ನೋಡೋಕೆ ಬಂದಿರಿ? ಇಲ್ಲಿ ಅಗೆದರೆ ಬರೀ ಹಳೆ ಮಡಕೆ ಚೂರು” ಎಂದರು. ಚಿಕ್ಕಂದಿನಲ್ಲಿ ಆ ಚೂರುಗಳನ್ನು ಪೇರಿಸಿ ಲಗೋರಿ ಆಡುತ್ತಿದ್ದರಂತೆ. ಲಗೋರಿ! ಅವರಿಗೂ ಅದೇ ಹೆಸರು, ನಮಗೂ ಅದೇ ಹೆಸರು.

ಆ ಮಡಕೆ ಚೂರುಗಳೇ ಈ ಕತೆಯ ನಾಯಕಿಯರು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪುರಾತತ್ವಜ್ಞರು ಈ ದಡಗಳಲ್ಲಿ ಅನ್ವೇಷಣೆ ನಡೆಸಿದ್ದಾರೆ. (ಆ ಸಂಸ್ಥೆಯಲ್ಲಿ ಕಡಲ ಪುರಾತತ್ವಕ್ಕೆ ಬುನಾದಿ ಹಾಕಿದವರು ನಮ್ಮ ಕನ್ನಡಿಗರಾದ ಎಸ್. ಆರ್. ರಾವ್, ಲೋಥಲ್ ಮತ್ತು ದ್ವಾರಕೆಯ ಶೋಧಕರು. ಇದನ್ನು ಮಾತ್ರ ಹೆಮ್ಮೆಯಿಂದ ಹೇಳಿಕೊಳ್ಳಬಹುದು.) ಇಟ್ಟಿಗೆಯ ಕಟ್ಟಡಗಳ ಅವಶೇಷ, ನುಣುಪಾದ ಕೆಂಪು ಮಡಕೆಗಳ ಚೂರು, ಪಶ್ಚಿಮ ಕ್ಷತ್ರಪರ ನಾಣ್ಯ, ಹೊರದೇಶದ ಜಾಡಿಗಳ ತುಂಡುಗಳು ಇಲ್ಲಿ ಸಿಕ್ಕಿವೆ. ಪೂರ್ವದ ಗುಡ್ಡದ ಮೇಲೆ ಬೌದ್ಧರ ಇಟ್ಟಿಗೆಯ ಸ್ತೂಪವೂ ಇದೆ. ಅಂದರೆ ಶಿವನ ಗುಹೆಗೆ ಉಳಿಯೇಟು ಬೀಳುವ ಎಷ್ಟೋ ಶತಮಾನ ಮೊದಲೇ ಇಲ್ಲಿ ಜನರಿದ್ದರು, ವ್ಯಾಪಾರವಿತ್ತು, ಹಡಗು ಬರುತ್ತಿತ್ತು.

ಆ ಹೊರದೇಶದ ಜಾಡಿಗಳ ಬಗ್ಗೆ ಒಂದಿಷ್ಟು ಬಿಡಿಸಿ ಹೇಳಬೇಕು. ನಮ್ಮ ಅಜ್ಜಿಯರ ಮನೆಯ ಉಪ್ಪಿನಕಾಯಿ ಭರಣಿಯನ್ನು ನೆನೆಸಿಕೊಳ್ಳಿ. ಅದನ್ನು ಸೊಂಟದೆತ್ತರಕ್ಕೆ ಎಳೆದು, ಎರಡು ಕಿವಿ ಇಟ್ಟು, ತಳವನ್ನು ಮೊನಚು ಮಾಡಿದರೆ ರೋಮನ್ನರ ‘ಆಂಫೊರಾ’. ದ್ರಾಕ್ಷಾರಸ, ಆಲಿವ್ ಎಣ್ಣೆ, ಮೀನಿನ ಗೊಜ್ಜು ತುಂಬಿ ಹಡಗಿನ ಹೊಟ್ಟೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಲು ಆ ಮೊನಚು ತಳ. ಈಜಿಪ್ಟಿನ ಬಂದರುಗಳಿಂದ ಜುಲೈ ಹೊತ್ತಿಗೆ ಹೊರಟ ಹಡಗು ಮುಂಗಾರು ಗಾಳಿಯ ಬೆನ್ನೇರಿ ನಮ್ಮ ಕರಾವಳಿಗೆ ಬಂದು, ಚಳಿಗಾಲದಲ್ಲಿ ಗಾಳಿ ತಿರುಗಿದ ಮೇಲೆ ವಾಪಸು ಹೋಗುತ್ತಿತ್ತು. ಹೋಗುವಾಗ ಮೆಣಸು, ಹತ್ತಿಬಟ್ಟೆ, ಬೆಲೆಬಾಳುವ ಕಲ್ಲಿನ ಮಣಿ. ಇಂಥ ಜಾಡಿಯ ಚೂರು ಚೌಲ್‌ನಲ್ಲಿ ಸಿಕ್ಕಿದೆ, ಘಟ್ಟ ಹತ್ತಿ ಬಂದು ನೇವಾಸೆಯಲ್ಲೂ ಸಿಕ್ಕಿದೆ. ಎರಡೂ ಕಡೆ ಅಗೆದವರು ಡೆಕ್ಕನ್ ಕಾಲೇಜಿನವರೇ.

ಬಹಳ ಕಾಲ ನಮ್ಮ ಪುರಾತತ್ವಜ್ಞರು ಹೀಗೆ ಸಿಕ್ಕಿದ್ದನ್ನೆಲ್ಲ ‘ರೋಮನ್’ ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರು. ಒಳಗೆ ಕಪ್ಪು ಲೇಪವಿದ್ದರೆ ಸಾಕು, ರೋಮನ್. ಬ್ರಿಟನ್ನಿನ ರೊಬರ್ಟಾ ಟಾಂಬರ್ ಎಂಬ ಮಡಕೆ ತಜ್ಞೆ ಭಾರತದ ಹಲವು ಸಂಗ್ರಹಗಳ ಚೂರುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ, 2007ರಲ್ಲಿ ಬೇರೆಯೇ ಮಾತು ಹೇಳಿದರು. ವೆಸೂವಿಯಸ್ ಸುತ್ತಿನ ಇಟಲಿಯ ಜಾಡಿಯಾದರೆ ಮಣ್ಣಿನಲ್ಲಿ ಜ್ವಾಲಾಮುಖಿಯ ಕರಿ ಮರಳು ಮಿನುಗುತ್ತದೆ. ಆದರೆ ಭಾರತದ ಎಷ್ಟೋ ಚೂರುಗಳಲ್ಲಿ ಅದಿಲ್ಲ. ಕಿವಿಯೂ ಇಲ್ಲ, ಕತ್ತೂ ಇಲ್ಲ. ಒಳಗಿನ ಕಪ್ಪು ಲೇಪ ಮರದ ಅಂಟಲ್ಲ, ಇರಾಕ್, ಇರಾನ್ ಕಡೆ ನೆಲದಿಂದ ಒಸರುವ ಡಾಂಬರು. ಅಂದರೆ ಇವು ಪರ್ಶಿಯನ್ ಕೊಲ್ಲಿಯ ಜಾಡಿಗಳು. ಉದ್ದನೆಯ ಆಕಾರದಿಂದಾಗಿ ‘ಟಾರ್ಪೆಡೋ ಜಾಡಿ’ ಎಂದು ಹೆಸರು. ಘಾರಾಪುರಿಯ ಚೂರುಗಳಲ್ಲೂ ಇಂಥವು ಇವೆ.

ಇದರಿಂದ ಏನಾಯಿತು? ಕಾಲದ ಲೆಕ್ಕವೇ ಬದಲಾಯಿತು. ರೋಮನ್ ವ್ಯಾಪಾರ ಮೂರನೆಯ ಶತಮಾನದ ಹೊತ್ತಿಗೆ ಸೊರಗಿತು, ಅದರೊಂದಿಗೆ ನಮ್ಮ ಬಂದರುಗಳೂ ಮುಚ್ಚಿದವು ಎಂದು ನಾವು ಓದಿದ್ದೆವು. ಆದರೆ ಟಾರ್ಪೆಡೋ ಜಾಡಿಗಳ ಕಾಲ ಪರ್ಶಿಯಾದ ಸಸಾನಿ ಅರಸರದು, ಆಮೇಲಿನ ಅರಬರದು. ಬಂದರು ಮುಚ್ಚಿರಲಿಲ್ಲ, ಗಿರಾಕಿ ಬದಲಾಗಿದ್ದ. ಪುಲಕೇಶಿಯ ಹಡಗುಗಳು ಪುರಿಗೆ ಬಂದಾಗ ಈ ಕೊಲ್ಲಿ ಪರ್ಶಿಯನ್ ಸರಕಿನಿಂದ ತುಂಬಿ ತುಳುಕುತ್ತಿದ್ದ ಜಾಗ. ಸಮುದ್ರದ ಲಕ್ಷ್ಮಿ ಎಂದು ರವಿಕೀರ್ತಿ ಬರೆದದ್ದು ಕವಿಯ ಉಪಮೆ ಎಂದುಕೊಂಡಿದ್ದೆ. ಸುಂಕದ ಲೆಕ್ಕವೂ ಅದರಲ್ಲಿದೆ ಎಂದು ಈಗ ಅನ್ನಿಸುತ್ತದೆ.

ಬಯಲುಸೀಮೆಯ ಬಾದಾಮಿಯ ಅರಸನಿಗೆ ಕಡಲೇಕೆ ಬೇಕಾಯಿತು ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಅವನ ಚಿಕ್ಕಪ್ಪ ಮಂಗಳೇಶ ಮೊದಲೇ ರೇವತೀದ್ವೀಪವನ್ನು, ಅಂದರೆ ವೆಂಗುರ್ಲೆ ಬಳಿಯ ಇಂದಿನ ರೇಡಿಯನ್ನು ಗೆದ್ದಿದ್ದ. ಅದೂ ಐಹೊಳೆ ಶಾಸನದಲ್ಲಿದೆ. ಚಿಕ್ಕಪ್ಪ ದಕ್ಷಿಣದ ತುದಿ ಹಿಡಿದ, ಮಗ ಉತ್ತರದ ತುದಿ ಹಿಡಿದ, ನಡುವಿನ ಕೊಂಕಣವೆಲ್ಲ ಬಾದಾಮಿಯದಾಯಿತು. ಪರ್ಶಿಯಾದ ಎರಡನೆಯ ಖುಸ್ರೋನಿಗೆ ಭಾರತದ ಅರಸನೊಬ್ಬ ಪತ್ರ, ಕಾಣಿಕೆ ಕಳಿಸಿದ್ದನ್ನು ಚರಿತ್ರೆಕಾರ ಅಲ್ ತಬರಿ ದಾಖಲಿಸಿದ್ದಾನೆ. ಆ ಅರಸ ಪುಲಕೇಶಿಯೇ ಎಂದು ಹಲವರು ಹೇಳುತ್ತಾರೆ, ಒಪ್ಪದವರೂ ಇದ್ದಾರೆ. ಅವನೇ ಆಗಿದ್ದರೆ ಕುದುರೆಗಳ ಮಾತು ಅದರಲ್ಲಿ ಬಂದಿರಲೇಬೇಕು ಎಂಬುದು ನನ್ನ ಊಹೆ. ದಖ್ಖನ್ನಿನಲ್ಲಿ ಒಳ್ಳೆಯ ಕುದುರೆ ಹುಟ್ಟುತ್ತಿರಲಿಲ್ಲ, ಸೈನ್ಯಕ್ಕೆ ಅದಿಲ್ಲದೆ ನಡೆಯುತ್ತಿರಲಿಲ್ಲ.

ಇನ್ನು ‘ಇಷ್ಟು ಚಿಕ್ಕ ದ್ವೀಪವೇ?’ ಎಂಬ ಆಕ್ಷೇಪ. ಇದಕ್ಕೆ ಭೂಗೋಳದ ಇನ್ನೊಂದು ಬದಿಗೆ ಹೋಗಿ ನೋಡಬೇಕು. ಮೆಕ್ಸಿಕೋದ ಯುಕಟಾನ್ ಕರಾವಳಿಯಲ್ಲಿ ಇಸ್ಲಾ ಸೆರಿಟೋಸ್ ಎಂಬ ದ್ವೀಪವಿದೆ. ಅಡ್ಡಗಲ ಸುಮಾರು 200 ಮೀಟರ್, ನಮ್ಮ ಒಂದು ಹೌಸಿಂಗ್ ಸೊಸೈಟಿಯಷ್ಟು. ಒಳನಾಡಿನಲ್ಲಿದ್ದ ಮಾಯಾ ಜನರ ಮಹಾನಗರ ಚಿಚೆನ್ ಇಟ್ಜಾಕ್ಕೆ ಅದೇ ಬಂದರು. ದೂರದ ಮಧ್ಯ ಮೆಕ್ಸಿಕೋದಿಂದ ಬಂದ, ಗಾಜಿನಂತೆ ಹರಿತವಾದ ಕಪ್ಪು ಅಬ್ಸಿಡಿಯನ್ ಕಲ್ಲಿನ ಅಲಗುಗಳು ಅಲ್ಲಿ ಸಿಕ್ಕಿವೆ. ಕಬ್ಬಿಣ ಬಳಸದ ಆ ಜನಕ್ಕೆ ಅದೇ ಚಾಕು. ದ್ವೀಪಕ್ಕೊಂದು ಕಡಲ ಗೋಡೆಯನ್ನೂ ಕಟ್ಟಿದ್ದರು. ವ್ಯಾಪಾರಿಗೆ ದೊಡ್ಡ ನೆಲ ಬೇಡ. ಹಡಗು ಸುರಕ್ಷಿತವಾಗಿ ನಿಲ್ಲಬೇಕು, ಸರಕು ಕಣ್ಣಳತೆಯಲ್ಲಿರಬೇಕು, ಸುಂಕ ತಪ್ಪಿಸಿ ಯಾರೂ ಓಡಬಾರದು. ಇದಕ್ಕೆ ದ್ವೀಪಕ್ಕಿಂತ ಒಳ್ಳೆಯ ಜಾಗ ಯಾವುದು? 1502ರಲ್ಲಿ ಕೊಲಂಬಸನ ಕಡೆಯ ಯಾನದಲ್ಲಿ ಹೊಂಡುರಾಸ್ ಬಳಿಯ ದ್ವೀಪವೊಂದರ ಹತ್ತಿರ ಅವನಿಗೊಂದು ದೊಡ್ಡ ವ್ಯಾಪಾರಿ ದೋಣಿ ಎದುರಾಯಿತು. ಹತ್ತಿಬಟ್ಟೆ, ತಾಮ್ರದ ಗಂಟೆ, ಕೋಕೋ ಬೀಜ ತುಂಬಿದ ಆ ದೋಣಿಯ ನಡುವೆ ಗರಿಯ ಚಪ್ಪರ. ಅದರ ಕೆಳಗೆ ಕೂತಿದ್ದವರು ಹೆಂಗಸರು, ಮಕ್ಕಳು. ಕಡಲ ವ್ಯಾಪಾರದ ಚರಿತ್ರೆಯಲ್ಲಿ ಹೆಂಗಸರು ಹೀಗೆ ಒಮ್ಮೊಮ್ಮೆ ಇಣುಕಿ ಮರೆಯಾಗುತ್ತಾರೆ.

ನಮ್ಮ ಕಡೆ ಇಣುಕುವವಳು ಸಾಮಡಿನಿಕಾ. ಲೋಣಾವಳಾ ಬಳಿಯ ಬೇಡ್ಸೆ ಗುಹೆಗಳಿಗೆ ಹೋಗಿದ್ದೀರಾದರೆ ಅಲ್ಲೊಂದು ನೀರಿನ ತೊಟ್ಟಿ ನೋಡಿರುತ್ತೀರಿ. ಅದನ್ನು ಕೊರೆಸಿದವಳು ತಾನೆಂದು, ಮಹಾಭೋಜನ ಮಗಳು, ಮಹಾರಠಿಯ ಹೆಂಡತಿ ಸಾಮಡಿನಿಕಾ ಹೆಸರು ಕೆತ್ತಿಸಿದ್ದಾಳೆ. ತವರು ಕರಾವಳಿಯ ಕಡೆಯ ಮನೆತನ, ಗಂಡನ ಮನೆ ಘಟ್ಟದ ಮೇಲಿನದು. ಘಟ್ಟ ಹತ್ತಿ ಬರುವವರ ದಾಹ ಅವಳಿಗೆ ಗೊತ್ತಿತ್ತು. ಜುನ್ನರ್ ಬಳಿಯ ನಾಣೇಘಾಟಿನಲ್ಲಿ ಶಾತವಾಹನ ರಾಣಿ ನಾಗಣಿಕೆಯ ದೊಡ್ಡ ಶಾಸನವಿದೆ. ಸುಂಕ ಹಾಕುತ್ತಿದ್ದರು ಎಂದು ಹೇಳುವ ಕಲ್ಲಿನ ಹರವಿಯೂ ಆ ಘಟ್ಟದ ಬಾಯಲ್ಲೇ ಇದೆ. ಕೊಲ್ಲಿಯಲ್ಲಿ ಇಳಿಸಿದ ಜಾಡಿಗಳು ಸಣ್ಣ ದೋಣಿಯಲ್ಲಿ ಕಲ್ಯಾಣಕ್ಕೆ, ಅಲ್ಲಿಂದ ಎತ್ತಿನ ಬೆನ್ನ ಮೇಲೆ ಈ ಘಟ್ಟ ಹತ್ತಿ ಜುನ್ನರಿಗೆ, ಮುಂದೆ ಪೈಠಣ, ತೇರ್ ಊರುಗಳಿಗೆ. ಹಾಗೆ ನೋಡಿದರೆ ಪುಣೆಯವರಾದ ನಾವು ವಾಸವಾಗಿರುವುದೇ ಆ ದಾರಿಯ ಮಗ್ಗುಲಲ್ಲಿ.

ಗೆದ್ದ ಮೇಲೆ ಬಾದಾಮಿಯವರು ಏನು ಮಾಡಿದರು? ನಾಸಿಕದ ಹತ್ತಿರದ ಅಂಜನೇರಿಯಲ್ಲಿ ಸಿಕ್ಕ, ಎಂಟನೆಯ ಶತಮಾನದ ಆರಂಭದ ತಾಮ್ರಪಟಗಳು ಸ್ವಲ್ಪ ಹೇಳುತ್ತವೆ. ಚಾಲುಕ್ಯರ ಸಾಮಂತನಾದ ಭೋಗಶಕ್ತಿ ಹೊರಡಿಸಿದವು. ತನ್ನ ಹಿರಿಯರು ಚಾಲುಕ್ಯ ಚಕ್ರವರ್ತಿಯ ಅನುಗ್ರಹದಿಂದ ‘ಪುರಿ-ಕೊಂಕಣ’ವನ್ನು ಆಳಿದರು ಎನ್ನುತ್ತಾನೆ. ಹಾಳುಬಿದ್ದಿದ್ದ ಒಂದು ಊರನ್ನು ಮತ್ತೆ ನೆಲೆಗೊಳಿಸಿ, ಅಲ್ಲಿನ ವರ್ತಕರಿಗೆ ಸುಂಕ ಮನ್ನಾ ಮಾಡುತ್ತಾನೆ. ಯಾವ ತಪ್ಪಿಗೆ ಎಷ್ಟು ದಂಡ ಎಂಬ ಪಟ್ಟಿಯೂ ಇದೆ. ಹೆಣ್ಣುಮಗಳ ಮಾನಕ್ಕೆ ಕೈಹಾಕಿದವನ ದಂಡವೂ ಅದರಲ್ಲಿದೆ. ಈ ಪಟಗಳಲ್ಲಿ ಹಣದ ಲೆಕ್ಕ ಬರುವುದು ‘ಕೃಷ್ಣರಾಜ ರೂಪಕ’ದಲ್ಲಿ. ಸೋತ ಕಾಲದ, ಸತ್ತು ನೂರು ವರ್ಷ ದಾಟಿದ ಕಳಚುರಿ ಅರಸನ ಹೆಸರಿನ ನಾಣ್ಯ ಗೆದ್ದವರ ಆಡಳಿತದಲ್ಲೂ ಚಲಾವಣೆಯಲ್ಲಿತ್ತು! ಪೇಟೆಗೆ ಅರಸನ ಬಾವುಟಕ್ಕಿಂತ ನಾಣ್ಯದ ತೂಕ ಮುಖ್ಯ. ಮುಂದೆ ರಾಷ್ಟ್ರಕೂಟರ ಸಾಮಂತರಾಗಿ ಬಂದ ಶಿಲಾಹಾರರೂ ಪುರಿ ಮೊದಲಾದ 1400 ಹಳ್ಳಿಗಳ ಒಡೆಯರೆಂದು ತಮ್ಮನ್ನು ಕರೆದುಕೊಂಡರು. ಮುಂಬೈಯ ಕಾನ್ಹೇರಿ ಗುಹೆಯ ಶಾಸನಗಳಲ್ಲಿ ಅವರ ಹೆಸರಿನ ಜತೆಗೆ ಅಮೋಘವರ್ಷನ, ಅಂದರೆ ನಮ್ಮ ನೃಪತುಂಗನ ಹೆಸರಿದೆ. ಧಾರವಾಡದ ಗೆಳತಿಗೆ ಅಷ್ಟು ಸಮಾಧಾನ ಸಿಗಲಿ.

ಹಾಗಾದರೆ ಪುರಿ ಘಾರಾಪುರಿಯೇ? ನನಗನ್ನಿಸುವುದು ಇಷ್ಟು: ಪುರಿ ಎಂದರೆ ಒಂದು ದ್ವೀಪ ಮಾತ್ರ ಆಗಿರಲಿಕ್ಕಿಲ್ಲ. ಹಡಗು ನಿಲ್ಲುವ ದ್ವೀಪ, ಎದುರಿನ ಉರಣದ ಉಪ್ಪಿನ ಗದ್ದೆ, ಒಳಗಿನ ಖಾಡಿಗಳು, ಎಲ್ಲ ಸೇರಿದ ಬಂದರಿಗೇ ಆ ಹೆಸರಿದ್ದೀತು. ಘಾರಾಪುರಿ ಅದರ ಹಣೆಯ ಬೊಟ್ಟು. ಅರಮನೆ ಹುಡುಕುವವರಿಗೆ ಇಲ್ಲಿ ನಿರಾಶೆ, ಮಡಕೆ ಚೂರು ಹುಡುಕುವವರಿಗೆ ಇಲ್ಲ. ಮತ್ತು ಪುರಿಯಲ್ಲಿ ಅಂದು ಒಲೆ ಹಚ್ಚಿಕೊಂಡಿದ್ದ ಹೆಂಗಸರಿಗೆ ಆ ನೂರಾರು ಹಡಗುಗಳು ಹೇಗೆ ಕಂಡವೋ, ಅದನ್ನು ಯಾವ ರವಿಕೀರ್ತಿಯೂ ಬರೆಯಲಿಲ್ಲ. ಐಹೊಳೆಯ ಶಾಸನವನ್ನು ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಎದೆಯುಬ್ಬಿಸಿಕೊಂಡು ಬಂದಿದ್ದೇನೆ. ಮೊರಾಬಂದರಿನ ಕೆಸರಿನಲ್ಲಿ ನಿಂತಾಗ ಮೊದಲ ಸಲ ಆ ಕಡೆಯಿಂದ ಯೋಚನೆ ಬಂತು.

ಆ ದಡದಿಂದ ಎದುರಿಗೆ ಕಾಣುವುದು ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರು. 1989ರಲ್ಲಿ ಶುರುವಾದದ್ದು, ಇಂದು ದೇಶದ ದೊಡ್ಡ ಕಂಟೇನರ್ ಬಂದರುಗಳಲ್ಲಿ ಒಂದು. ಪುಣೆ, ಚಾಕಣದ ಕಾರ್ಖಾನೆಗಳ ಮಾಲು ಹೊರದೇಶಕ್ಕೆ ಹೋಗುವುದು ಅಲ್ಲಿಂದಲೇ. ಈ ಬದಿಯ ದ್ವೀಪಕ್ಕೆ ಮಾತ್ರ ವಿದ್ಯುತ್ ಬಂದದ್ದು 2018ರ ಫೆಬ್ರವರಿಯಲ್ಲಿ, ಕಡಲ ತಳದಲ್ಲಿ ಕೇಬಲ್ ಎಳೆದ ಮೇಲೆ. ಮೀನು ಒಣಹಾಕುತ್ತಿದ್ದ ಅಜ್ಜಿ ಆ ಹೊಸ ದೀಪದ ಕಂಬವನ್ನು ನಮಗೆ ಗುಹೆಗಿಂತ ಹೆಚ್ಚಿನ ಹುರುಪಿನಿಂದ ತೋರಿಸಿದರು.

ಹೋಗುವವರಿಗೆ ಒಂದು ಮಾತು: ಸೋಮವಾರ ಗುಹೆ ಮುಚ್ಚಿರುತ್ತದೆ. ಮೊರಾಬಂದರಿಗೆ ಹೋಗುವುದಾದರೆ ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ. ಚೂರು ಕಂಡರೆ ನೋಡಿ, ಅಲ್ಲೇ ಬಿಟ್ಟು ಬನ್ನಿ, ಅದು ಸರ್ಕಾರದ ಸ್ವತ್ತು. ಕೊನೆಯ ಲಾಂಚಿನ ಹೊತ್ತನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ಪ್ರವಾಸಿಗರು ರಾತ್ರಿ ದ್ವೀಪದಲ್ಲಿ ಉಳಿಯುವಂತಿಲ್ಲ. ನಾವು ಮೂವರು ಕೆಸರುಗಾಲಿನಲ್ಲಿ ಓಡಿ ಬಂದಾಗ ಉಳಿದ ಎಂಟು ಮಂದಿ ಲಾಂಚಿನವನನ್ನು ಮಾತಿನಲ್ಲಿ ಕಟ್ಟಿಹಾಕಿ ನಿಲ್ಲಿಸಿಕೊಂಡಿದ್ದರು, ಡಬ್ಬಿಯಲ್ಲಿ ಉಳಿದಿದ್ದ ಕೋಡುಬಳೆಯನ್ನೆಲ್ಲ ಅವನಿಗೇ ಕೊಟ್ಟು.